ಹಳೇ ಕ್ಯಾಮೆರಾ ಕತೆ – 4: ಒಳಗೆ ತಳ್ಳಿದರೆ ಜೇಬಿಗೆ

ಕಾರ್ಕಳದ ಬಾಹುಬಲಿ ಮೂರ್ತಿ 42 ಅಡಿ ಉಂಟಲ್ಲ, 50 ಮಿ.ಮೀ. ಲೆನ್ಸಿನ ಹಳೇ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಅದು ಪೂರ್ತಿ ಸಿಗಬೇಕಾದರೆ ನೀವು ಸುಮಾರು 60 ಅಡಿ ಹಿಂದೆ ಹೋಗಬೇಕು, ಅದೂ ಕ್ಯಾಮೆರಾ ಉದ್ದಕ್ಕೆ ಹಿಡಿದು. ಝೂಮ್ ಇಲ್ಲ ಮಾರ್ರೆ! ಮತ್ಯಾಕೆ ಆ ಲೆನ್ಸಿಗೆ ಅಷ್ಟು ಹೆಸರು?

ಗಾತ್ರ. ಭಾರದ ಪೆಟ್ಟಿಗೆ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತು ತಿರುಗಲು ಜರ್ಮನಿಯ ಆಸ್ಕರ್ ಬಾರ್ನಾಕ್ ಅವರನ್ನು ಉಬ್ಬಸ ಬಿಡಲಿಲ್ಲ. ಸಿನಿಮಾ ಫಿಲ್ಮ್ ಹಾಕುವ ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಅದು ಲೈಕಾ ಅಂತ ಮಾರಾಟಕ್ಕೆ ಬಂತು. ಅದರ ಎಲ್ಮಾರ್ ಲೆನ್ಸನ್ನು ಒಳಗೆ ತಳ್ಳಿದರೆ ಕೋಟಿನ ಜೇಬಿಗೆ ಹೋಗ್ತದೆ. (ಹೊರಗೆಳೆಯಲು ಮರೆತರೆ ಫೋಟೋ ಎಲ್ಲ ಮಸುಕು. ಕಿಂಡಿಯಲ್ಲಿ ನೋಡಿದರೆ ಗೊತ್ತೇ ಆಗೋದಿಲ್ಲ!) 1932ರಲ್ಲಿ ರೇಂಜ್‌ಫೈಂಡರನ್ನು ಲೆನ್ಸಿಗೇ ಜೋಡಿಸಿದರು: ಕಿಂಡಿಯಲ್ಲಿ ಎರಡಾಗಿ ಕಾಣುವ ಮುಖ ಒಂದಾದರೆ ಫೋಕಸ್ ಸರಿ.

1948 ಜನವರಿ 30ರ ರಾತ್ರಿ, ದೆಹಲಿಯ ಬಿರ್ಲಾ ಭವನದ ಗೇಟಿನಲ್ಲಿ ನೆಹರೂ ಗಾಂಧೀಜಿ ಇನ್ನಿಲ್ಲ ಎಂದು ಜನರಿಗೆ ಹೇಳುವ ಚಿತ್ರ ನೋಡಿದ್ದೀರಾ? ಕಾರ್ಟಿಯೆ-ಬ್ರೆಸನ್ ಲೈಕಾದಲ್ಲಿ ತೆಗೆದದ್ದು. ಫ್ಲ್ಯಾಶ್ ಹಾಕಿಲ್ಲ. ಸುತ್ತ ಕತ್ತಲೆ, ನೆಹರೂ ಮುಖವೂ ಸ್ವಲ್ಪ ಮಸುಕೇ. ನನಗೆ ಅದಕ್ಕಿಂತ ನಿಜವಾದ ಫೋಟೋ ಕಂಡಿಲ್ಲ.

ಪರ್ಯಾಯದ ಬೆಳಗಿನ ಜಾವ ರಥಬೀದಿಯ ನೂಕುನುಗ್ಗಲಿಗೆ ನಾನು ಒಯ್ಯುವುದೂ 50 ಒಂದೇ.