ಅಪರಾಳದ ಪಾರಿಜಾತ

ಪ್ರಾಚೀನ ನಾಟಕವೊಂದನ್ನು ತಮ್ಮ ಕಾಲಕ್ಕೆ ಒಗ್ಗಿಸಿಕೊಳ್ಳುವ ವಿದ್ಯೆಯು ನಮಗೆ ಇಂಗ್ಲಿಷ್ ಶಿಕ್ಷಣದೊಡನೆ ಬಂದಿತೆಂದು ನಂಬುವವರು, ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳಗಾವಿ ಸೀಮೆಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತದ ಚರಿತ್ರೆಯನ್ನು ಲಕ್ಷಿಸಿದಂತೆ ತೋರುವುದಿಲ್ಲ.

ಕಥೆಯೇನೋ ಪುರಾತನವಾದುದು. ಹರಿವಂಶ, ವಿಷ್ಣುಪುರಾಣಗಳಲ್ಲಿ ಬರುವ ಈ ವೃತ್ತಾಂತವನ್ನು, 1520ರಲ್ಲಿ ರಾಯಚೂರು ಕೋಟೆಯನ್ನು ಗೆದ್ದ ಕೃಷ್ಣದೇವರಾಯನ ಆಸ್ಥಾನಕವಿ ನಂದಿ ತಿಮ್ಮನನು ತೆಲುಗಿನ ಪ್ರೌಢಕಾವ್ಯವನ್ನಾಗಿ ಮಾಡಿದನು. ಕನ್ನಡದಲ್ಲಿ, ಪಾರಿಜಾತದ ಹೂವಿಗಾಗಿ ಕೃಷ್ಣನ ಮೇಲೆ ಸತ್ಯಭಾಮೆ ತೋರಿದ ಮುನಿಸನ್ನು ಹಾಡಿಗೆ ತಂದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರೂ ಹರಿಕಥಾಮೃತಸಾರವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರೂ ಬಾಳಿದ ಈ ನಾಡಿನಲ್ಲಿ, ಭಗವಂತನನ್ನು ಮನೆಯವನೊಬ್ಬನೆಂಬಂತೆ ಹಾಡಿನಲ್ಲಿ ಮಾತನಾಡಿಸುವ ಸಲಿಗೆ ಹೊಸದೇನಾಗಿರಲಿಲ್ಲ.

ಆ ಕೃತಿಯನ್ನು ಬಯಲಾಟವನ್ನಾಗಿ ತಿದ್ದಿದವನು ಬೆಳಗಾವಿ ಸೀಮೆಯ ಕುಲಗೋಡ ತಮ್ಮಣ್ಣ. ಹಾಡು ಕವಿಯದಾಗಿ ಉಳಿಯಿತು. ನಡುನಡುವಿನ ಮಾತು ಪಾತ್ರಧಾರಿಯ ಆಶುಸೃಷ್ಟಿಯಾಯಿತು. ಹಾಲುಮೊಸರು ಮಾರಹೊರಟ ಗೊಲ್ಲತಿಯನ್ನು ಕೃಷ್ಣನು ಅಡ್ಡಗಟ್ಟಲು, ಭಾಗವತನು ನಡುವೆ ಬಾಯಿ ಹಾಕಿ, ದೇವರೆಂಬ ಮುಲಾಜಿಲ್ಲದೆ ಅವನನ್ನೇ ಗೇಲಿ ಮಾಡುವನು. ಆ ಗೇಲಿಯಲ್ಲಿ ಅಂದಿನ ಊರು, ಸಂತೆ, ಸಾಲಸೋಲಗಳೆಲ್ಲವೂ ಇಣುಕುವುವು. ದ್ವಾರಕೆಯು ದ್ವಾರಕೆಯಾಗಿದ್ದುಕೊಂಡೇ ನಮ್ಮ ಹಳ್ಳಿಯಾಗುವ ಈ ಚಮತ್ಕಾರಕ್ಕೆ ವೇಷವನ್ನಾಗಲಿ ಕಥೆಯನ್ನಾಗಲಿ ಬದಲಿಸಬೇಕಾಗಲಿಲ್ಲ. ಕೌಜಲಗಿ ನಿಂಗಮ್ಮನವರಂತಹ ಕಲಾವಿದೆಯರು ಮುಂದೆ ಈ ಆಟದಿಂದಲೇ ನಾಡಿನಲ್ಲಿ ಹೆಸರಾದರು.

ಇದಕ್ಕೆ ವಿಪರೀತವಾದ ಮಾರ್ಗ ಬಿ. ಎಂ. ಶ್ರೀಕಂಠಯ್ಯನವರದು. ಸೊಫೊಕ್ಲಿಸನ ಗ್ರೀಕ್ ವೀರ ಅಯಾಸನನ್ನು ಅವರು 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಮಹಾಭಾರತದವನನ್ನಾಗಿ ಮಾಡಿದರು. ಆದರೆ ನುಡಿಯನ್ನು ಹಳಗನ್ನಡದ ಎತ್ತರದಲ್ಲಿಯೇ ನಿಲ್ಲಿಸಿದರು. ಅಲ್ಲಿ ವ್ಯಕ್ತಿಗಳು ಬದಲಾದರು, ಇಲ್ಲಿ ಮಾತು ಬದಲಾಯಿತು. ಶ್ರೀಕಂಠಯ್ಯನವರ ಕೃತಿ ಗಂಭೀರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಜನರ ನಡುವೆ ಬಾಳುವ ವಿಷಯದಲ್ಲಿ ನನ್ನ ಮತ ತಮ್ಮಣ್ಣಂದಿರಿಗೇ.

1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದ ರಾಯಚೂರಿನಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿಯೂ ಅದರದೇ ಮೇಲುಗೈ. ಅಕ್ಷರ ಕಲಿಯದವನಿಗೂ ಪುರಾಣವನ್ನು ತನ್ನ ನುಡಿಯಲ್ಲಿಯೇ ಕೇಳಿಸಿದ ಪಾಠಶಾಲೆಗಳೆಂದರೆ ಭಜನೆ, ಬಯಲಾಟಗಳೇ ಸರಿ. ಉರ್ದು, ತೆಲುಗುಗಳ ಬೆರಕೆಯಿಂದ ಇಲ್ಲಿನ ಆಡುಮಾತಿಗೆ ಬಂದಿರುವ ಸೊಗಸನ್ನು ಒರಟುತನವೆಂದು ಮೂದಲಿಸುವವರು, ಭಾಗವತನ ಬಾಯಲ್ಲಿ ಅದನ್ನೊಮ್ಮೆ ಕೇಳಬೇಕು.

ಆದುದರಿಂದ ಪಾರಿಜಾತವನ್ನು ಮತ್ತೆ ಆಡಬಯಸುವ ರಾಯಚೂರಿನ ತರುಣರಲ್ಲಿ ನನ್ನದೊಂದು ಬಿನ್ನಹ: ಪದಗಳನ್ನು ಮುಟ್ಟದಿರಿ, ಮಾತನ್ನು ಮಾತ್ರ ನಿಮ್ಮದಾಗಿಸಿಕೊಳ್ಳಿರಿ. ಗೊಲ್ಲತಿಯ ದಾರಿಗೆ ಅಡ್ಡ ನಿಂತ ಆ ಕೃಷ್ಣನನ್ನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಎಂದು ಬರುವುದೆಂದು ಭಾಗವತನು ಮಾನ್ವಿಯ ಮಾತಿನಲ್ಲಿಯೇ ಕೇಳಲಿ.