ಭಾರತೀಯ ರೈಲ್ವೆಯ ಕೆಲವು ಪ್ರಮುಖ ನಿಲ್ದಾಣಗಳು

ಭಾರತದಲ್ಲಿ ಪ್ರಯಾಣಿಕರ ರೈಲು ಸಂಚಾರವು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಯವರೆಗೆ, ಸುಮಾರು 34 ಕಿ.ಮೀ. ಮಾರ್ಗದಲ್ಲಿ ಆರಂಭವಾಯಿತು. ಅಂದಿನಿಂದ ವಿಸ್ತರಿಸುತ್ತ ಬಂದಿರುವ ಈ ಜಾಲದ ಹಲವು ನಿಲ್ದಾಣಗಳಿಗೆ ಹೊಸ ಹೆಸರುಗಳನ್ನು ಇಡಲಾಗಿದೆ. ದೊಡ್ಡ ನಗರಗಳಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಟಿಕೆಟ್ ಕಾಯ್ದಿರಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಲವು ಪ್ರಮುಖ ನಿಲ್ದಾಣಗಳ ವಿವರವನ್ನು ಈ ಕೆಳಗೆ ನೀಡಲಾಗಿದೆ.

1. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಮುಂಬಯಿ: ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸಗೊಳಿಸಿದ ಈ ಕಟ್ಟಡದ ನಿರ್ಮಾಣವು 1878ರಲ್ಲಿ ಆರಂಭವಾಯಿತು. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು 1996ರಲ್ಲಿ ಬದಲಾಗಿ, 2017ರಲ್ಲಿ ಈಗಿನ ರೂಪ ಪಡೆಯಿತು.

2. ಹೌರಾ: ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿದ್ದು, 23 ಪ್ಲಾಟ್‌ಫಾರಂಗಳನ್ನು ಹೊಂದಿದೆ. ಇಲ್ಲಿಂದ ಮೊದಲ ರೈಲು 1854ರಲ್ಲಿ ಹೂಗ್ಲಿಗೆ ಸಂಚರಿಸಿತು. ಕೋಲ್ಕತ್ತಕ್ಕೆ ಹೋಗುವವರು ಸಿಯಾಲ್ದಾ ಮತ್ತು ಕೋಲ್ಕತ್ತ ಎಂಬ ಬೇರೆ ನಿಲ್ದಾಣಗಳೂ ಇರುವುದನ್ನು ಗಮನಿಸತಕ್ಕದ್ದು.

3. ರಾಯಪುರಂ, ಚೆನ್ನೈ: ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ಇಲ್ಲಿಂದ ಹೊರಟಿತು.

4. ಘೂಮ್, ಪಶ್ಚಿಮ ಬಂಗಾಳ: ಸಮುದ್ರ ಮಟ್ಟದಿಂದ ಸುಮಾರು 2,258 ಮೀಟರ್ ಎತ್ತರದಲ್ಲಿದೆ. ಈ ನಿಲ್ದಾಣವಿರುವ ಡಾರ್ಜಿಲಿಂಗ್ ಹಿಮಾಲಯನ್ ರೈಲುಮಾರ್ಗವು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

5. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, ಹುಬ್ಬಳ್ಳಿ: 2020ರಲ್ಲಿ ಈ ಹೆಸರನ್ನು ಪಡೆಯಿತು. ಇಲ್ಲಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡು, ವಿಶ್ವದಲ್ಲಿಯೇ ಅತಿ ಉದ್ದವಾದುದೆಂದು ಗಿನ್ನೆಸ್ ದಾಖಲೆಯ ಮಾನ್ಯತೆ ಪಡೆದಿದೆ. ಪ್ರಯಾಣಿಕರು ತಮ್ಮ ಬೋಗಿ ನಿಲ್ಲುವ ಸ್ಥಳವನ್ನು ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

6. ಬೆಂಗಳೂರು: ಹಿಂದಿನ ಸಿಟಿ ನಿಲ್ದಾಣವು ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾಗಿದೆ, ಇದರ ಸಂಕೇತಾಕ್ಷರ ಎಸ್‌ಬಿಸಿ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ 2022ರಲ್ಲಿ ರೈಲು ಸಂಚಾರ ಆರಂಭವಾಯಿತು. ಇದರ ಸಂಕೇತಾಕ್ಷರ ಎಸ್‌ಎಂವಿಬಿ. ಯಶವಂತಪುರ ಹಾಗೂ ದಂಡು ನಿಲ್ದಾಣಗಳಿಂದಲೂ ದೂರದ ರೈಲುಗಳು ಲಭ್ಯವಿವೆ.

ಸಾರ್ವಜನಿಕರ ಗಮನಕ್ಕೆ:

ಅ) ಟಿಕೆಟ್ ಕಾಯ್ದಿರಿಸುವಾಗ ಊರಿನ ಹೆಸರನ್ನಷ್ಟೇ ನೋಡದೆ, ರೈಲು ಹತ್ತುವ ಮತ್ತು ಇಳಿಯುವ ನಿಲ್ದಾಣಗಳ ಪೂರ್ಣ ಹೆಸರು ಹಾಗೂ ಸಂಕೇತಾಕ್ಷರಗಳನ್ನು ಪರಿಶೀಲಿಸತಕ್ಕದ್ದು.

ಆ) ಒಂದೇ ನಗರದಲ್ಲಿ ರೈಲು ಬದಲಿಸುವವರು, ಎರಡೂ ರೈಲುಗಳು ಒಂದೇ ನಿಲ್ದಾಣಕ್ಕೆ ಬರುವವೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಬೇರೆ ನಿಲ್ದಾಣವಾಗಿದ್ದಲ್ಲಿ, ನಗರದೊಳಗಿನ ಪ್ರಯಾಣಕ್ಕೆ ಸಾಕಷ್ಟು ಸಮಯಾವಕಾಶ ಇರಿಸಿಕೊಳ್ಳುವುದು.

ಇ) ಹೆಚ್ಚಿನ ಮಾಹಿತಿಗೆ ರೈಲ್ವೆ ಸಹಾಯವಾಣಿ 139ನ್ನು ಸಂಪರ್ಕಿಸಬಹುದು.