ಮುಖವೀಣೆಯಿಂದ ಕೀಬೋರ್ಡಿನವರೆಗೆ: ತುಮಕೂರು ಸೀಮೆಯ ನಾಟಕದ ಹಿಮ್ಮೇಳ ಮತ್ತು ಅದರ ವಿವಾದಗಳು

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಕುರಿತ ಬರವಣಿಗೆಯಲ್ಲಿ ನಟರು, ನಾಟಕಕಾರರು ಹಾಗೂ ಕಂಪನಿ ಮಾಲೀಕರಿಗೆ ದೊರೆತಿರುವ ಸ್ಥಾನ ಹಿಮ್ಮೇಳದವರಿಗೆ ದೊರೆತಿಲ್ಲ. ರಂಗದ ಪಕ್ಕದಲ್ಲಿ ಕುಳಿತು ರಾತ್ರಿಯಿಡೀ ನಾಟಕವನ್ನು ನಡೆಸಿಕೊಟ್ಟ ವಾದ್ಯಗಾರರ ಹೆಸರುಗಳು ಕರಪತ್ರಗಳ ಕೊನೆಯ ಸಾಲಿನಲ್ಲಿ ಉಳಿದು, ಕರಪತ್ರಗಳೊಡನೆಯೇ ಕಳೆದುಹೋಗಿವೆ. ಆದರೆ ಒಂದು ನೂರು ವರ್ಷಗಳ ಅವಧಿಯಲ್ಲಿ ರಂಗಭೂಮಿಯ ಬೇರಾವ ಅಂಗವೂ ಎದುರಿಸದಷ್ಟು ಆಕ್ಷೇಪಣೆಗಳನ್ನು ಹಿಮ್ಮೇಳ ಎದುರಿಸಿದೆ. ವಾದ್ಯ ಬದಲಾದಾಗಲೆಲ್ಲ 'ಸಂಗೀತ ಕೆಟ್ಟಿತು' ಎಂಬ ಮಾತು ಎದ್ದಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಹಾಗೂ ನೆರೆಯ ಗುಬ್ಬಿ ತಾಲ್ಲೂಕುಗಳನ್ನು ಗಮನದಲ್ಲಿರಿಸಿಕೊಂಡು, ಈ ಹಿಮ್ಮೇಳದ ರಚನೆಯಲ್ಲಿ ಆದ ಪಲ್ಲಟಗಳನ್ನೂ ಅವುಗಳ ಸುತ್ತ ಎದ್ದ ವಿವಾದಗಳನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೂಡಲಪಾಯದ ಹಿಮ್ಮೇಳ

ಈ ಸೀಮೆ ವಾದ್ಯಗಳಿಗೆ ಬಡವಾದುದಲ್ಲ. ಉರುಮೆ, ತಮಟೆ, ಅರೆವಾದ್ಯಗಳಿಲ್ಲದೆ ಇಲ್ಲಿನ ದೇವರ ಪರಿಷೆ ನಡೆಯದು. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಗಣೆಯೆಂಬ ನೀಳವಾದ ಕೊಳಲಿನೊಡನೆ ಹಾಡಲ್ಪಡುತ್ತದೆ. ಇಂದು ಮಹಾಲಕ್ಷ್ಮಿಯ ಕ್ಷೇತ್ರವಾಗಿ ಪ್ರಸಿದ್ಧವಾಗಿರುವ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಹೆಸರು ಕೇಳಿದೊಡನೆ, ಕರಡಿಕೂದಲಿನ ಕುಲಾವಿ ಧರಿಸಿ ಡಮರುಗ ಮತ್ತು ಪಿಳ್ಳಂಗೋವಿ ಹಿಡಿದ ಮೈಲಾರಲಿಂಗನ ಗೊರವರು ಜಾನಪದ ಅಭ್ಯಾಸಿಯ ನೆನಪಿಗೆ ಬರುವುದು ಸಹಜ.

ನಾಟಕದ ಮಟ್ಟಿಗೆ ಹೇಳುವುದಾದರೆ, ಕಂಪನಿಗಳು ಬರುವುದಕ್ಕೆ ಮೊದಲು ಇಲ್ಲಿನ ಪ್ರಮುಖ ಪ್ರಕಾರ ಮೂಡಲಪಾಯ ಯಕ್ಷಗಾನ. ಭಾಗವತ, ಮದ್ದಳೆ, ತಾಳ ಮತ್ತು ಮುಖವೀಣೆ ಅದರ ಹಿಮ್ಮೇಳ. ಮುಖವೀಣೆ ನಾಗಸ್ವರದ ಕುಲಕ್ಕೆ ಸೇರಿದ ಚಿಕ್ಕ ಊದುವಾದ್ಯ. ಅದರ ತೀಕ್ಷ್ಣವಾದ ಧ್ವನಿ ಬಯಲಿನ ಕೊನೆಯಲ್ಲಿ ಕುಳಿತವನಿಗೂ ಕೇಳಿಸುತ್ತಿತ್ತು. ಮೂಡಲಪಾಯವನ್ನು ವಿದ್ವತ್ತಿನ ಗಮನಕ್ಕೆ ತಂದ ಡಾ. ಜೀ.ಶಂ. ಪರಮಶಿವಯ್ಯನವರ ಅಧ್ಯಯನಗಳ ನಂತರ ಮುಖವೀಣೆಯನ್ನು ಈ ಪ್ರಕಾರದ ಗುರುತಾಗಿಯೇ ಪರಿಗಣಿಸುವುದು ರೂಢಿಯಾಗಿದೆ. ಗಮನಿಸಬೇಕಾದ ಅಂಶವೆಂದರೆ, ಈ ವಾದ್ಯವನ್ನು ನುಡಿಸುತ್ತಿದ್ದವರಲ್ಲಿ ಹೆಚ್ಚಿನವರು ವಂಶಪಾರಂಪರ್ಯವಾಗಿ ಓಲಗದ ವೃತ್ತಿಯಲ್ಲಿದ್ದ ಮನೆತನಗಳವರು. ವಾದ್ಯ ರಂಗದಿಂದ ಇಳಿದಾಗ ಅದರೊಡನೆ ಆ ಮನೆತನಗಳೂ ರಂಗದಿಂದ ಇಳಿದವು.

ಗುಬ್ಬಿ ಕಂಪನಿ ಮತ್ತು ಹೊಸ ಹಿಮ್ಮೇಳ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾರ್ಸಿ ಮತ್ತು ಮರಾಠಿ ನಾಟಕ ಕಂಪನಿಗಳ ಸಂಚಾರ ಕನ್ನಡ ನಾಡಿನಲ್ಲಿ ಹೊಸ ಬಗೆಯ ಸಂಗೀತ ನಾಟಕದ ರುಚಿಯನ್ನು ಹುಟ್ಟಿಸಿತು. ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಸಭೆ ಬಸವಪ್ಪಶಾಸ್ತ್ರಿಗಳ 'ಶಾಕುಂತಲ'ವನ್ನು ಆಡಿತು. ತುಮಕೂರು ಜಿಲ್ಲೆಯಲ್ಲಿ 1884ರಲ್ಲಿ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. 1891ರಲ್ಲಿ ಜನಿಸಿದ ಗುಬ್ಬಿ ವೀರಣ್ಣನವರು ಬಾಲಕರಾಗಿದ್ದಾಗಲೇ ಈ ಕಂಪನಿಯನ್ನು ಸೇರಿ, 1917ರ ಸುಮಾರಿಗೆ ಅದರ ಹೊಣೆ ಹೊತ್ತರು. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಕಂಪನಿಗೆ 'ಸದಾರಮೆ'ಯಂತಹ ನಾಟಕಗಳನ್ನು ಬರೆದುಕೊಟ್ಟರು. ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ' 1934ರಲ್ಲಿ ಆನೆ ಕುದುರೆಗಳೊಡನೆ ರಂಗವೇರಿ ಚರಿತ್ರೆಯಾಯಿತು.

ಈ ಕಂಪನಿಯ ಬೆಳವಣಿಗೆಯ ಪ್ರತಿ ಹೆಜ್ಜೆಯಲ್ಲೂ ವಿವಾದವಿದೆ. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ತಂದುದು, ರಂಗದ ಮೇಲೆ ಜೀವಂತ ಪ್ರಾಣಿಗಳನ್ನು ನಡೆಸಿದುದು, ಅದ್ದೂರಿತನಕ್ಕೆ ಅಭಿನಯವನ್ನು ಬಲಿಕೊಟ್ಟರೆಂಬ ಟೀಕೆ ಇವೆಲ್ಲವೂ ದಾಖಲೆಯಲ್ಲಿವೆ. ಪಾತ್ರವರ್ಗವೂ ಎಂದೂ ಸ್ಥಿರವಾಗಿರಲಿಲ್ಲ. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಇಂತಹ ಹಾಡುಗಾರ್ತಿ ನಟಿಯರು ಕಂಪನಿಯ ಹೆಸರನ್ನು ಬೆಳಗಿದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಮೊದಲಾದವರು ಇಲ್ಲಿ ಪಳಗಿ ಚಲನಚಿತ್ರಕ್ಕೆ ಹೋದರು. 1954ರ 'ಬೇಡರ ಕಣ್ಣಪ್ಪ' ಈ ವಲಸೆಯ ದೊಡ್ಡ ಗುರುತು. ಮಂಚಿಯಿಂದ ಓಡಿಬಂದು ಕಂಪನಿ ಸೇರಿದ ಬಾಲಕ ಬಿ.ವಿ. ಕಾರಂತರು ಮುಂದೆ ಆಧುನಿಕ ರಂಗಸಂಗೀತಕ್ಕೆ ಹೊಸ ದಾರಿ ತೆರೆದರು.

ನಟರು ಬಂದು ಹೋಗುತ್ತಿದ್ದಾಗಲೂ ನಾಟಕವನ್ನು ನಿಲ್ಲದಂತೆ ನಡೆಸಿದ್ದು ಹಿಮ್ಮೇಳದ ಹೊಸ ರಚನೆ: ಕಾಲು ಹಾರ್ಮೋನಿಯಂ ಮತ್ತು ತಬಲ. ತಿದಿಯನ್ನು ಕಾಲಿನಿಂದ ಒತ್ತುವುದರಿಂದ ಮೇಷ್ಟ್ರ ಎರಡು ಕೈಗಳೂ ಮನೆಗಳ ಮೇಲೆ ಓಡಾಡಲು ಬಿಡುವಾಗುತ್ತಿದ್ದವು. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಅದರ ನಾದ ಹಿಂದಿನ ಸಾಲಿನವರೆಗೂ ತಲುಪುತ್ತಿತ್ತು. ಕಾಫಿ, ಪೀಲು, ಭೀಮ್‌ಪಲಾಸ್, ಬೇಹಾಗ್ ಮುಂತಾದ ಹಿಂದೂಸ್ತಾನಿ ರಾಗಗಳು ಈ ವಾದ್ಯದೊಡನೆಯೇ ಹಳೆಯ ಮೈಸೂರಿನ ಹಳ್ಳಿಗಳನ್ನು ಹೊಕ್ಕವು. ಪಾವಗಡ, ಮಧುಗಿರಿಗಳ ಗಡಿಭಾಗದಲ್ಲಿ ತೆಲುಗು ಪದ್ಯನಾಟಕಗಳ ದೀರ್ಘ ಆಲಾಪನೆಯ ಪ್ರಭಾವವೂ ಇದಕ್ಕೆ ಸೇರಿಕೊಂಡಿತು.

ಹಾರ್ಮೋನಿಯಂ ಕುರಿತ ವಿವಾದ

ಇಂದು 'ಪರಂಪರೆಯ ವಾದ್ಯ' ಎಂದು ನಾವು ಸಮರ್ಥಿಸುವ ಹಾರ್ಮೋನಿಯಂ ತನ್ನ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ನಿಂದೆಗೆ ಒಳಗಾದ ವಾದ್ಯವಾಗಿತ್ತು. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಇದು ಪಾದ್ರಿಗಳ ಹಾಗೂ ಅಧಿಕಾರಿಗಳ ಮೂಲಕ ಭಾರತಕ್ಕೆ ಬಂದು, ಕಲ್ಕತ್ತದ ತಯಾರಕರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಕೈತಿದಿಯ ರೂಪವನ್ನೂ ಪಡೆಯಿತು. ಆನಂದ ಕುಮಾರಸ್ವಾಮಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ವಿರೋಧಿಸಿದರು. ಸ್ವಾರಸ್ಯವೆಂದರೆ, ಆಕಾಶವಾಣಿಯ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಆಂಗ್ಲ ಸಂಗೀತಗಾರ ಜಾನ್ ಫೌಲ್ಡ್ಸ್ ಕೂಡ ಇದರ ಕಡು ವಿರೋಧಿಯಾಗಿದ್ದರು. ರವೀಂದ್ರನಾಥ ಠಾಕೂರರೂ ಇದೇ ಅಭಿಪ್ರಾಯದವರಾಗಿದ್ದರು. 1940ರ ಮಾರ್ಚ್ ತಿಂಗಳಿನಿಂದ ಅಖಿಲ ಭಾರತ ರೇಡಿಯೋದಲ್ಲಿ ಹಾರ್ಮೋನಿಯಂ ನಿಷೇಧಕ್ಕೊಳಗಾಯಿತು. 1971ರಲ್ಲಿ, ಅದೂ ಷರತ್ತುಗಳೊಡನೆ, ನಿಷೇಧ ಸಡಿಲಗೊಂಡಿತು.

ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾರ್ಮೋನಿಯಂ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಕತ್ತರಿಸಿಡುತ್ತದೆ. ಎರಡು ಮನೆಗಳ ನಡುವೆ ಇರುವ ಸೂಕ್ಷ್ಮ ಶ್ರುತಿಗೆ ಅಲ್ಲಿ ಎಡೆಯಿಲ್ಲ. ತೋಡಿಯ ಗಾಂಧಾರದಂತೆ ತೂಗಾಡಬೇಕಾದ ಸ್ವರವನ್ನು ಅದು ತೂಗಿಸಲಾರದು. ಆದರೆ ಈ ವಾದ ವಿದ್ವಾಂಸರ ಕಚೇರಿಯನ್ನು ಮಾತ್ರ ಗಮನದಲ್ಲಿರಿಸಿಕೊಂಡಿತ್ತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ 'ಆಕಾಶವಾಣಿ' ನಾಡಿಗೇ ಒಂದು ಹೆಸರನ್ನು ಕೊಟ್ಟಿತು. ಆದರೆ ಮುಂದೆ ದೇಶದ ಬಾನುಲಿಯಲ್ಲಿ ಮೂರು ದಶಕಗಳ ಕಾಲ, ಕಂಪನಿ ನಾಟಕದ ಹಾಡಿಗೆ ಅದರದೇ ಹಿಮ್ಮೇಳ ದೊರೆಯುವ ಅವಕಾಶವಿಲ್ಲವಾಯಿತು. ಶಾಸ್ತ್ರೀಯರು ಇದನ್ನು ಕೀಳೆಂದರು, ಜಾನಪದದ ಮೊದಲ ತಲೆಮಾರಿನ ಸಂಗ್ರಾಹಕರು ಇದನ್ನು ಶುದ್ಧ ಜಾನಪದವಲ್ಲವೆಂದು ಬಿಟ್ಟರು. ಹೀಗೆ ಎರಡೂ ಕಡೆಯಿಂದ ಹೊರಗುಳಿದ ಕಾರಣ ಹಾರ್ಮೋನಿಯಂ ಮೇಷ್ಟ್ರುಗಳ ಒಂದು ಇಡೀ ತಲೆಮಾರು ದಾಖಲಾಗದೆ ಹೋಯಿತು. ಆರ್. ಪರಮಶಿವನ್ ಅವರಂತಹ ಕೆಲವರು ರಂಗಗೀತೆಗಳನ್ನು ನೆನಪಿನಲ್ಲಿಟ್ಟುಕೊಂಡು ಕಲಿಸದೆ ಇದ್ದಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು.

ಊರ ನಾಟಕ ಮತ್ತು ಮೇಷ್ಟ್ರು

ಕಂಪನಿಗಳು ಸೊರಗಿದ ಮೇಲೆ ಅವುಗಳ ಸಂಗೀತ ಹಳ್ಳಿಗಳಲ್ಲಿ ಉಳಿಯಿತು. ಈ ತಾಲ್ಲೂಕುಗಳಲ್ಲಿ ಸುಗ್ಗಿ ಕಳೆದ ಮೇಲೆ, ಜಾತ್ರೆಯ ಆಸುಪಾಸಿನಲ್ಲಿ, ರೈತರೇ ಪಾತ್ರಧಾರಿಗಳಾಗಿ 'ಕುರುಕ್ಷೇತ್ರ'ವನ್ನು ಆಡುವ ಪದ್ಧತಿ ಇಂದಿಗೂ ಇದೆ. ಪಾತ್ರಧಾರಿಗಳು ತಾವೇ ಹಣ ಹಾಕುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ನಡೆಸಿ, ಅಕ್ಷರ ಬಾರದವನ ಬಾಯಲ್ಲೂ ಕಂದ, ವೃತ್ತಗಳನ್ನು ಹಾಡಿಸುವವರು ಹಾರ್ಮೋನಿಯಂ ಮೇಷ್ಟ್ರು. ಆದ್ದರಿಂದ ಅವರು ಏಕಕಾಲಕ್ಕೆ ಗುರು, ನಿರ್ದೇಶಕ ಮತ್ತು ವಾದ್ಯಗಾರ.

ಅವರ ವಿದ್ಯೆಯ ಒಂದು ತಾಂತ್ರಿಕ ಅಂಶವನ್ನು ಇಲ್ಲಿ ವಿವರಿಸುವುದು ಅಗತ್ಯ. ಪ್ರತಿ ಪಾತ್ರಧಾರಿಯ ಶಾರೀರವೂ ಬೇರೆ. ಒಬ್ಬನದು ಒಂದೂವರೆ ಮನೆ, ಮತ್ತೊಬ್ಬನದು ನಾಲ್ಕು ಮನೆ. ದುರ್ಯೋಧನ ನಿಂತ ಶ್ರುತಿಯಲ್ಲಿ ಕೃಷ್ಣ ನಿಲ್ಲಲಾರ. ಮೇಷ್ಟ್ರಾದವರು ಒಂದೇ ರಾಗವನ್ನು ಯಾವ ಮನೆಯನ್ನು ಷಡ್ಜವಾಗಿಟ್ಟುಕೊಂಡರೂ ತಡವರಿಸದೆ ನುಡಿಸಬೇಕು. ಇನ್ನು ವೃತ್ತವನ್ನು ಹಾಡುವಾಗ ತಾಳವಿರುವುದಿಲ್ಲ. ಪಾತ್ರಧಾರಿ ಎಲ್ಲಿ ಉಸಿರು ಹಿಡಿಯುತ್ತಾನೆ, ಯಾವ ಅಕ್ಷರವನ್ನು ಎಳೆಯುತ್ತಾನೆ ಎಂಬುದನ್ನು ಅವನ ಮುಖ ನೋಡಿ ತಿಳಿದು ಹಿಂಬಾಲಿಸಬೇಕು. ಅವನು ಸಾಲು ಮರೆತರೆ ಆ ಬಿಡುವನ್ನು ತುಂಬಿ, ಮೆಲ್ಲನೆ ಸಾಲನ್ನೂ ನೆನಪಿಸಬೇಕು. ಸ್ವರಗಳು ಯಂತ್ರದಲ್ಲಿ ಸ್ಥಿರವಾಗಿದ್ದರೂ ಕಾಲ ಮನುಷ್ಯರ ಕೈಯಲ್ಲಿತ್ತು.

ವಿದ್ಯುನ್ಮಾನದ ಪ್ರವೇಶ

ವಿದ್ಯುನ್ಮಾನ ವಾದ್ಯಗಳ ವಿಷಯದಲ್ಲಿ ಕರ್ನಾಟಕ ಕೇವಲ ಗ್ರಾಹಕನಾಗಿರಲಿಲ್ಲ. 1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಕಾಲಕ್ರಮದಲ್ಲಿ ಶಾಸ್ತ್ರೀಯ ಸಂಗೀತಗಾರರ ಸಂಗಾತಿಯಾಯಿತು. ಹಾರ್ಮೋನಿಯಂ ಅನ್ನು ಒಪ್ಪದ ಕಚೇರಿಯ ವೇದಿಕೆ ಈ ಪೆಟ್ಟಿಗೆಯನ್ನು ಹೆಚ್ಚಿನ ಗದ್ದಲವಿಲ್ಲದೆ ಒಪ್ಪಿಕೊಂಡಿತು ಎಂಬುದು ಗಮನಾರ್ಹ. ಅದು ಹಾಡುಗಾರನ ಶ್ರುತಿಗೆ ಹೊಂದಿಕೊಳ್ಳುತ್ತಿತ್ತೇ ಹೊರತು ಅವನ ಲಯವನ್ನು ಆಳುತ್ತಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣವಿರಬಹುದು.

1980ರ ದಶಕದಲ್ಲಿ ಜಪಾನಿನ ಕಂಪನಿಗಳ ಕೀಬೋರ್ಡು ಹಾಗೂ ರಿದಂ ಪ್ಯಾಡುಗಳು ಚಲನಚಿತ್ರ ಸಂಗೀತವನ್ನೂ ಪಟ್ಟಣದ ಆರ್ಕೆಸ್ಟ್ರಾಗಳನ್ನೂ ಸೇರಿದವು. ಅಲ್ಲಿಂದ ಅವು ಊರ ನಾಟಕದ ಹಿಮ್ಮೇಳಕ್ಕೆ ಇಳಿದವು. ಮೊದಲು ಕಾಲು ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡು, ತಬಲದ ಪಕ್ಕದಲ್ಲಿ ಪ್ಯಾಡು ಕಾಣಿಸಿಕೊಂಡವು. ಯುದ್ಧದ ದೃಶ್ಯಕ್ಕೆ ಗುಡುಗು, ಶಂಖ, ಬಾಣದ ಸದ್ದುಗಳು ಪ್ಯಾಡಿನಿಂದ ಹೊರಟಾಗ ಪ್ರೇಕ್ಷಕರು ಸಿಳ್ಳೆ ಹೊಡೆದರು. ಕೆಲವು ಮೇಳಗಳಲ್ಲಿ ಹಾರ್ಮೋನಿಯಂ ಹೆಸರಿಗೆ ಮಾತ್ರ ಉಳಿಯಿತು.

ಹಿರಿಯ ಮೇಷ್ಟ್ರುಗಳ ಆಕ್ಷೇಪಣೆಯನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಕೀಬೋರ್ಡಿನಲ್ಲಿ ಶ್ರುತಿಯನ್ನು ಏರಿಸಲು ಇಳಿಸಲು ಒಂದು ಗುಂಡಿಯಿದೆ. ಹಲವು ವರ್ಷಗಳ ಸಾಧನೆಯಿಂದ ಬರುತ್ತಿದ್ದ ಬೆರಳಿನ ವಿದ್ಯೆಯ ಕೆಲಸವನ್ನು ಅದು ಕ್ಷಣದಲ್ಲಿ ಮಾಡುತ್ತದೆ. ಇದನ್ನು ನಷ್ಟವೆಂದು ಹೇಳಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಬಡ ಕುಟುಂಬದ ಹುಡುಗನೊಬ್ಬ ಬೇಗನೆ ಹಿಮ್ಮೇಳಕ್ಕೆ ಸೇರಿ ಸಂಪಾದಿಸಲು ಇದೇ ಗುಂಡಿ ದಾರಿಯಾಗಿದೆ. ನಿಜವಾದ ಪಲ್ಲಟ ಇರುವುದು ಲಯದಲ್ಲಿ. ಯಂತ್ರದಲ್ಲಿ ಮೊದಲೇ ತುಂಬಿಟ್ಟ ತಾಳ ಓಡತೊಡಗಿದರೆ ಪಾತ್ರಧಾರಿ ಅದರ ಹಿಂದೆ ಓಡಬೇಕಾಗುತ್ತದೆ. ಅಕ್ಷರವನ್ನು ಎಳೆಯುವ, ಅಳುವಿಗೆ ನಿಲ್ಲುವ, ಪ್ರೇಕ್ಷಕರ 'ಒನ್ಸ್ ಮೋರ್'ಗೆ ಸಾಲನ್ನು ಮರಳಿ ಎತ್ತಿಕೊಳ್ಳುವ ಸ್ವಾತಂತ್ರ್ಯ ಕುಗ್ಗುತ್ತದೆ. ನನ್ನ ಕ್ಷೇತ್ರಕಾರ್ಯದಲ್ಲಿ ಹಿರಿಯ ಮೇಷ್ಟ್ರೊಬ್ಬರು ಇದನ್ನು ಸರಳವಾಗಿ ಹೇಳಿದರು: 'ಪೆಟ್ಟಿಗೆ ನಾನು ಕಾಯೋ ಹಂಗೆ ಕಾಯಲ್ಲ.'

ಇದೇ ಅವಧಿಯಲ್ಲಿ ಬೇರೊಂದು ಒತ್ತಡವೂ ಬಂದಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದ ಕೆಲವೇ ದಿನಗಳಲ್ಲಿ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ಇಡೀ ರಾತ್ರಿಯ ನಾಟಕಕ್ಕೆ ಇದು ನೇರವಾದ ತೊಡಕು. ರೋಗಿಗಳ, ವಿದ್ಯಾರ್ಥಿಗಳ ನಿದ್ರೆಯ ಹಕ್ಕನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುಖವೀಣೆಗೆ ಧ್ವನಿವರ್ಧಕ ಬೇಕಿರಲಿಲ್ಲ, ಕಾಲು ಹಾರ್ಮೋನಿಯಂಗೆ ಅದು ಅನಿವಾರ್ಯವಾಗಿರಲಿಲ್ಲ, ಕೀಬೋರ್ಡಿಗೆ ಮಾತ್ರ ಅದಿಲ್ಲದೆ ನಾದವೇ ಇಲ್ಲ. ಹೊಸ ಹಿಮ್ಮೇಳ ತನ್ನ ಅಸ್ತಿತ್ವವನ್ನೇ ಕಾನೂನು ನಿರ್ಬಂಧಿಸಿರುವ ಸಾಧನಕ್ಕೆ ಕಟ್ಟಿಕೊಂಡಿದೆ. 2020-21ರ ಕೋವಿಡ್ ಕಾಲದಲ್ಲಿ ನಾಟಕಗಳು ನಿಂತಾಗ ಇದೇ ವೃತ್ತಿಯನ್ನು ನಂಬಿದ್ದ ಮೇಷ್ಟ್ರುಗಳು ಸುಗ್ಗಿಯ ಸಂಪಾದನೆಯನ್ನೂ ಕಳೆದುಕೊಂಡರು.

ಸಮಾರೋಪ

ಒಟ್ಟಾರೆಯಾಗಿ ನೋಡಿದರೆ, ಈ ಸೀಮೆಯ ಹಿಮ್ಮೇಳ ಮೂರು ಬಾರಿ ತನ್ನ ರಚನೆಯನ್ನು ಬದಲಿಸಿಕೊಂಡಿದೆ ಎನ್ನಬಹುದು. ಮುಖವೀಣೆ ಮದ್ದಳೆಗಳ ಸ್ಥಾನಕ್ಕೆ ಹಾರ್ಮೋನಿಯಂ ತಬಲಗಳು ಬಂದವು. ಅವಕ್ಕೆ ಧ್ವನಿವರ್ಧಕ ಸೇರಿತು. ಆನಂತರ ಕೀಬೋರ್ಡು ಮತ್ತು ರಿದಂ ಪ್ಯಾಡುಗಳು ಬಂದವು. ಒಂದು ತಲೆಮಾರು ದೂರಿದ ವಾದ್ಯವನ್ನು ಮುಂದಿನ ತಲೆಮಾರು ಪರಂಪರೆಯೆಂದು ಕಾಪಾಡಲು ಹೊರಟಿದೆ. ಆದ್ದರಿಂದ ಕೀಬೋರ್ಡನ್ನು ಜಾನಪದದ ಹೊರಗಿಡುವ ತೀರ್ಮಾನ, 1940ರಲ್ಲಿ ಬಾನುಲಿ ಮಾಡಿದ ತಪ್ಪನ್ನು ನಾವೇ ಮರಳಿ ಮಾಡಿದಂತಾಗುತ್ತದೆ.

ನಾವು ಕೇಳಬೇಕಾದ ಪ್ರಶ್ನೆ ವಾದ್ಯ ದೇಶೀಯವೋ ವಿದೇಶೀಯವೋ ಎಂಬುದಲ್ಲ. ಅದು ಹಾಡುವವನಿಗಾಗಿ ಕಾಯುತ್ತದೆಯೇ, ಅದನ್ನು ನುಡಿಸುವವನಿಗೆ ಅನ್ನವನ್ನೂ ಗೌರವವನ್ನೂ ಕೊಡುತ್ತದೆಯೇ ಎಂಬ ಎರಡು ಪ್ರಶ್ನೆಗಳು ಸಾಕು. ಮುಖವೀಣೆಯ ಮನೆತನಗಳನ್ನು ರಂಗದಿಂದ ಇಳಿಸಿದಾಗ ಯಾರೂ ಇವನ್ನು ಕೇಳಲಿಲ್ಲ. ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಟ್ಟುಗಳನ್ನು, ಅಭ್ಯಾಸದ ರಾತ್ರಿಗಳನ್ನು, ಪಾತ್ರಧಾರಿಯ ಉಸಿರನ್ನು ಕಾಯುವ ಆ ಕ್ರಮವನ್ನು ಧ್ವನಿ ಹಾಗೂ ದೃಶ್ಯಗಳಲ್ಲಿ ದಾಖಲಿಸುವ ಕೆಲಸ ತಾಲ್ಲೂಕು ಮಟ್ಟದಿಂದಲೇ ಆರಂಭವಾಗಬೇಕಾಗಿದೆ. ಅವರ ಪಕ್ಕದಲ್ಲಿ ಕೀಬೋರ್ಡು ಹಿಡಿದು ಕುಳಿತ ಹುಡುಗನ ಹೆಸರನ್ನೂ ಅದೇ ಪುಟದಲ್ಲಿ ಬರೆದಿಡುವುದು ಒಳಿತು.